ಅಂಗವಿಕಲರೂ ಸಂಘದ ಸದಸ್ಯರಾಗಲಿ



ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಅಂಗವಿಕಲರ ವಿಚಾರವಾಗಿ ನಾಲ್ಕು ಮಾತು ಆಡಬಯಸುತ್ತೇವೆ.

ಕಾನೂನು ಇಲ್ಲವೆಂದಲ್ಲ. 1995ರ ಕಾಯಿದೆ 7 ಬಗೆಯ ಅಂಗವಿಕಲತೆಯನ್ನು ಗುರುತಿಸಿತ್ತು. 2016ರ ಕಾಯಿದೆ 21 ಬಗೆ ಎಂದಿತು. ಸರ್ಕಾರಿ ನೌಕರಿಯಲ್ಲಿ ಶೇ. 3 ಇದ್ದ ಮೀಸಲಾತಿ ಶೇ. 4 ಆಯಿತು. ಬಡತನ ನಿವಾರಣೆ ಯೋಜನೆಗಳಲ್ಲಿ ಶೇ. 5 ಪಾಲುಂಟು. ಆದರೆ ಇವಕ್ಕೆಲ್ಲ ಕನಿಷ್ಠ ಶೇ. 40 ಅಂಗವಿಕಲತೆ ಇದೆಯೆಂಬ ಪ್ರಮಾಣಪತ್ರ ಬೇಕು. ನಡೆಯಲಾರದವರು ಆ ಒಂದು ಕಾಗದಕ್ಕೆ ಬಸ್ಸು ಹತ್ತಿ ಇಳಿದು ಅಲೆಯಬೇಕು. ಜೊತೆಗೆ ಹೋದವರ ದಿನಗೂಲಿಯೂ ಹೋಯಿತು. ವೈದ್ಯರೇ ಹೋಬಳಿಗೆ ಬಂದು ನೋಡುವಂತಾಗಲಿ ಎಂದು ಸರ್ಕಾರವನ್ನು ಕೇಳೋಣ.

ಸರ್ಕಾರ ಮಾಡಲಿ ಅಂತ ಕೂತರೆ ಸಾಲದು, ನಾವೂ ಮಾಡುವುದಿದೆ. ಕಣ್ಣು ಕಾಣದವರೂ ಕೆಚ್ಚಲು ಮುಟ್ಟಿ ಹಾಲು ಕರೆಯುತ್ತಾರೆ. ಅವರ ಲೀಟರು, ಫ್ಯಾಟು, ರೇಟು ಬಾಯಲ್ಲಿ ಓದಿ ಹೇಳೋಣ. ಡೇರಿ ಮೆಟ್ಟಿಲ ಪಕ್ಕ ಇಳಿಜಾರು ಹಾಕಿಸೋಣ. ಮುಖ್ಯವಾಗಿ, ಹಸು ಅವರದು, ಷೇರು ಅಣ್ಣನ ಹೆಸರಲ್ಲಿ ಎಂಬುದು ಬೇಡ. ಷೇರಿಲ್ಲದವರಿಗೆ ಸಭೆಯಲ್ಲಿ ಓಟೂ ಇಲ್ಲ, ಮಾತೂ ಇಲ್ಲ.

ಈ ಮೂರನ್ನೂ ಮುಂದಿನ ಮಹಾಸಭೆಯಲ್ಲಿ ಠರಾವಿಗೆ ಇಡುತ್ತೇವೆ. ತಾವೆಲ್ಲರೂ ಕೈ ಎತ್ತಬೇಕೆಂದು ಕೋರಿ ಮಾತು ಮುಗಿಸುತ್ತೇವೆ.