63 ಮುಖಗಳ ಒಂದು ಚಿತ್ರ



ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಒಂದು ಹಳೆಯ ಫೋಟೋ ಇದೆ. ನಿಮ್ಮ ಶಾಲೆಯ ಗ್ರೂಪ್ ಫೋಟೋದಂತೆ ಸಾಲುಸಾಲಾಗಿ 63 ಪುಟ್ಟ ಮುಖಗಳು. ಆದರೆ ಇವರು ಒಟ್ಟಿಗೆ ಕುಳಿತು ತೆಗೆಸಿಕೊಂಡದ್ದಲ್ಲ; ಒಬ್ಬೊಬ್ಬರ ಭಾವಚಿತ್ರವನ್ನೂ ಬಿಡಿಯಾಗಿ ತಂದು ಜೋಡಿಸಿದ್ದು. ಅಂತರ್ಯುದ್ಧದ ನಂತರ ದಕ್ಷಿಣ ಕೆರೊಲಿನ ರಾಜ್ಯದಲ್ಲಿ ಸೇರಿದ ಮೊದಲ ಶಾಸನಸಭೆಯ ಸದಸ್ಯರಿವರು. ಹೆಚ್ಚಿನವರು ಕಪ್ಪು ಜನ. ಕೆಲವೇ ವರ್ಷಗಳ ಹಿಂದೆ ಇಂಥವರನ್ನು ಸಂತೆಯಲ್ಲಿ ದನದಂತೆ ಮಾರುತ್ತಿದ್ದರು.

ಈ ಶಾಸನಸಭೆ ಹುಟ್ಟಿದ್ದು ಒಂದು ಹೊಸ ಸಂವಿಧಾನದಿಂದ. ಅಮೆರಿಕದಲ್ಲಿ ಪ್ರತಿ ರಾಜ್ಯಕ್ಕೂ ತನ್ನದೇ ಸಂವಿಧಾನವುಂಟು. (ನಮ್ಮಲ್ಲಿ ಹಾಗಿದ್ದದ್ದು ಜಮ್ಮು-ಕಾಶ್ಮೀರಕ್ಕೆ ಮಾತ್ರ, ಅದೂ 2019ರವರೆಗೆ.) 1868ರ ಜನವರಿಯಲ್ಲಿ ಚಾರ್ಲ್ಸ್‌ಟನ್ ನಗರದಲ್ಲಿ ಸಂವಿಧಾನ ಸಭೆ ಸೇರಿತು. ಅಲ್ಲಿಯೂ ಕಪ್ಪು ಪ್ರತಿನಿಧಿಗಳದೇ ಬಹುಮತ. ಅವರಲ್ಲಿ ಕೆಲವರು ಮುಂದೆ ಶಾಸನಸಭೆಗೂ ಆರಿಸಿ ಬಂದರು.

ಈ ಚಿತ್ರವನ್ನು ಊರೂರಿಗೆ ಹಂಚಿದವರು ಅವರ ಅಭಿಮಾನಿಗಳೆಂದು ತಿಳಿಯಬೇಡಿ. ಹಂಚಿದವರು ವಿರೋಧಿಗಳು. ಪ್ರತಿಯ ಹಿಂಬದಿಯಲ್ಲಿ ಲೆಕ್ಕ ಕೊಟ್ಟಿದ್ದಾರೆ: 63 ಜನರಲ್ಲಿ 50 ಮಂದಿ ಕಪ್ಪು ಅಥವಾ ಮಿಶ್ರವರ್ಣದವರು, 41 ಮಂದಿಗೆ ಸಹಿ ಬಾರದು, ಗುಣಾಕಾರದ ಗುರುತು ಹಾಕುತ್ತಾರೆ. ನಾವು 'ಹೆಬ್ಬೆಟ್ಟು' ಎಂದು ಆಡಿಕೊಳ್ಳುವುದಿಲ್ಲವೇ, ಅದೇ ಕುಹಕ. ಗುಲಾಮರಿಗೆ ಅಕ್ಷರ ಕಲಿಸುವುದೇ ಅಪರಾಧವೆಂದು ಅದೇ ರಾಜ್ಯ 1834ರಲ್ಲಿ ಕಾನೂನು ಮಾಡಿತ್ತೆಂಬುದನ್ನು ಮಾತ್ರ ಅಲ್ಲಿ ಬರೆದಿಲ್ಲ!

ರಾಬರ್ಟ್ ಸ್ಮಾಲ್ಸ್ ಎಂಬವರನ್ನು ನೋಡಿ. ಹುಟ್ಟು ಗುಲಾಮ. 1862ರಲ್ಲಿ ಶತ್ರುಸೈನ್ಯದ 'ಪ್ಲಾಂಟರ್' ಹಡಗನ್ನೇ ರಾತ್ರೋರಾತ್ರಿ ಕೋಟೆಗಳ ತೋಪುಗಳೆದುರಿಗೆ ನಡೆಸಿಕೊಂಡು ಹೋಗಿ, ಹೆಂಡತಿ ಮಕ್ಕಳೊಡನೆ ಸ್ವತಂತ್ರರಾದರು. ಓದುಬರಹ ಕಲಿತದ್ದು ಆಮೇಲೆ. ಸಂವಿಧಾನ ಸಭೆಯಲ್ಲಿ ಅವರು ಮಂಡಿಸಿದ್ದು ಉಚಿತ ಸಾರ್ವಜನಿಕ ಶಾಲೆಗಳ ಠರಾವನ್ನು. ಸರಕಾರದ ಹಣದಿಂದ ನಡೆಯುವ ಶಾಲೆ, ಕಾಲೇಜುಗಳು ಬಣ್ಣದ ಭೇದವಿಲ್ಲದೆ ಎಲ್ಲ ಮಕ್ಕಳಿಗೂ ತೆರೆದಿರಬೇಕೆಂದು ಆ ಸಂವಿಧಾನ ಹೇಳಿತು. ಆಚರಣೆಯಲ್ಲಿ ಬಹುಪಾಲು ಶಾಲೆಗಳು ಬೇರೆಬೇರೆಯಾಗಿಯೇ ಉಳಿದವು, ಅದು ನಿಜ. ಆದರೂ ಬಡ ಬಿಳಿಯರ ಮಕ್ಕಳಿಗೂ ಶಾಲೆಯ ಬಾಗಿಲು ತೆರೆದದ್ದು ಇದರಿಂದಲೇ.

1895ರಲ್ಲಿ ಮತ್ತೊಂದು ಸಂವಿಧಾನ ಸಭೆ ಸೇರಿತು. ಈ ಸಲ ಕಪ್ಪು ಪ್ರತಿನಿಧಿಗಳು ಆರೇ ಜನ. ಅವರಲ್ಲಿ ಸ್ಮಾಲ್ಸ್ ಒಬ್ಬರು. ಅವರು ಎದ್ದು ನಿಂತು ವಿರೋಧಿಸಿದರು, ಸಭೆ ಕಿವಿಗೊಡಲಿಲ್ಲ. ಬಿಳಿಯರಿಗೆ ಬೇರೆ ಶಾಲೆ, ಕಪ್ಪು ಮಕ್ಕಳಿಗೆ ಬೇರೆ ಶಾಲೆ ಎಂದು ಬರೆದದ್ದಾಯಿತು. ಮತ ಹಾಕಬೇಕಾದರೆ ಸಂವಿಧಾನದ ಒಂದು ಭಾಗವನ್ನು ಓದಿ ಬರೆದು ತೋರಿಸಬೇಕು, ಇಲ್ಲವೇ 300 ಡಾಲರಿನ ಆಸ್ತಿ ಇರಬೇಕು ಎಂಬ ನಿಯಮವೂ ಬಂತು. ಆ ಓದಿನ ಪರೀಕ್ಷೆ ತೊಲಗಿದ್ದು 1965ರ ಮತದಾನ ಹಕ್ಕು ಕಾಯಿದೆಯಿಂದ.