ಕಾಲಡಿಯ ಫರಸಿ ಕಲ್ಲು



ನಿಮ್ಮ ಮನೆಯ ದುರಸ್ತಿ ನಡೆಯಲಿದೆ ಎಂದುಕೊಳ್ಳಿ. ಹಳೆಯ ಕಲ್ಲಿನ ನೆಲವನ್ನು ಕಿತ್ತು ಹೊಳೆಯುವ ಟೈಲ್ಸ್ ಹಾಕಿಸೋಣ ಎಂದು ಹಿರಿಯರು ಮಾತಾಡಿಕೊಳ್ಳುತ್ತಿದ್ದಾರೆ. ಹಾರೆ ಬೀಳುವ ಮೊದಲು ಆ ಕಲ್ಲಿನ ಕಥೆಯನ್ನು ಸ್ವಲ್ಪ ಕೇಳಿ.

ಕಲಬುರಗಿ ಜಿಲ್ಲೆಯ ಶಹಾಬಾದದ ಪಕ್ಕದಲ್ಲಿ ಭಂಕೂರ ಎಂಬ ಊರಿದೆ. ಈ ಸೀಮೆಯ ನೆಲದಡಿಯಲ್ಲಿ ಸುಣ್ಣಕಲ್ಲಿನ ಪದರಗಳಿವೆ. ಕೋಟ್ಯಂತರ ವರ್ಷಗಳ ಹಿಂದೆ ಇಲ್ಲಿ ಆಳವಿಲ್ಲದ ಸಮುದ್ರವಿತ್ತು. ಅದರ ತಳದಲ್ಲಿ ಒಂದರ ಮೇಲೊಂದು ಪದರವಾಗಿ ಕೂತ ಸುಣ್ಣದ ಕೆಸರೇ ಗಟ್ಟಿಯಾಗಿ ಕಲ್ಲಾಯಿತು. ಆದ್ದರಿಂದಲೇ ಹಾರೆಯಿಂದ ಎಬ್ಬಿಸಿದರೆ ಅದು ಹಲಗೆಯಂತೆ ಬಿಡಿಸಿಕೊಳ್ಳುತ್ತದೆ. ಹೊರಗಿನವರು ಇದನ್ನು ಶಹಾಬಾದ ಕಲ್ಲು ಎನ್ನುತ್ತಾರೆ. ಇಲ್ಲಿನವರಿಗೆ ಅದು ಫರಸಿ. ನೆಲಕ್ಕೆ, ಗೋಡೆಗೆ, ಮಾಳಿಗೆಗೆ, ಹಿತ್ತಲಿನ ನೀರಿನ ತೊಟ್ಟಿಗೆ ಇದೇ ಕಲ್ಲು.

ಹತ್ತಿರದ ವಾಡಿಯಲ್ಲಿ ಇದೇ ಸುಣ್ಣಕಲ್ಲು ಸಿಮೆಂಟ್ ಆಗುತ್ತದೆ. ಅದಕ್ಕಾಗಿ ಕಲ್ಲನ್ನು ಪುಡಿಮಾಡಿ, ಕುಲುಮೆಯಲ್ಲಿ ಸುಮಾರು 1450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು. ಶುದ್ಧ ಸುಣ್ಣಕಲ್ಲು 100 ಕಿಲೋ ಸುಟ್ಟರೆ 44 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಫರಸಿಗೆ ಕುಲುಮೆ ಬೇಡ. ಆದರೆ ಮನುಷ್ಯನ ಬೆನ್ನು ಬೇಕು. ಒಂದು ಮೀಟರ್ ಉದ್ದ, ಅಷ್ಟೇ ಅಗಲ, 3 ಸೆಂಟಿಮೀಟರ್ ದಪ್ಪದ ಕಲ್ಲಿನ ತೂಕ ಸುಮಾರು 80 ಕಿಲೋ! ಬಿಸಿಲಿನಲ್ಲಿ ಖಣಿಯ ಕೂಲಿಗಾರರು ಎತ್ತಿ ಕೊಟ್ಟ ಕಲ್ಲನ್ನು ನಾವು ಒಂದೇ ಏಟಿಗೆ ಕಸವಾಗಿಸುವುದು ಸರಿಯೇ?

ಹಾಗೆಂದು ಹಳೆಯದೆಲ್ಲ ಒಳ್ಳೆಯದೇ ಎಂದಲ್ಲ, ಪರೀಕ್ಷಿಸಿ ನಿರ್ಧರಿಸಬೇಕು. ಕೋಲಿನಿಂದ ನೆಲವನ್ನು ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಕಲ್ಲಿನಡಿಯ ಗಾರೆ ಸಡಿಲಾಗಿದೆ ಎಂದರ್ಥ. ಅಂಥ ಕಲ್ಲನ್ನು ಎಬ್ಬಿಸಿ, ತಳವನ್ನು ಸಮವಾಗಿ ತುಂಬಿ ಮತ್ತೆ ಕೂರಿಸಬಹುದು. ಸವೆದ ನೆಲವನ್ನು ಇದ್ದಲ್ಲೇ ಉಜ್ಜಿ ನಯಗೊಳಿಸಬಹುದು. ಹಿತ್ತಲಿನ ತೊಟ್ಟಿ ಸೋರುತ್ತಿದ್ದರೆ ಮೊದಲು ಸಂದುಗಳ ಗಾರೆಯನ್ನು ನೋಡಿ. ಅನೇಕ ವೇಳೆ ತಪ್ಪು ಕಲ್ಲಿನದಲ್ಲ. ಮಾಳಿಗೆಯ ಮಾತು ಮಾತ್ರ ಬೇರೆ. ಕಲ್ಲೂ ಮೇಲಿನ ಮಣ್ಣೂ ಬಹಳ ಭಾರ. ಮರದ ತೊಲೆಗೆ ಗೆದ್ದಲು ಹಿಡಿದಿದ್ದರೆ, ಗೋಡೆ ಬಿರಿದಿದ್ದರೆ ತಡಮಾಡದೆ ತಿಳಿದವರಿಗೆ ತೋರಿಸಬೇಕು. ಅಲ್ಲಿ ಉಳಿತಾಯಕ್ಕಿಂತ ಜೀವ ದೊಡ್ಡದು.

ಕೊನೆಗೆ ಒಂದು ಪುಟ್ಟ ಪ್ರಯೋಗ. ಒಡೆದ ಫರಸಿಯ ಚೂರಿನ ಮೇಲೆ ನಿಂಬೆರಸದ ಹನಿ ಬಿಡಿ. ಸಣ್ಣ ಗುಳ್ಳೆಗಳು ಏಳುತ್ತವೆ. ಆಮ್ಲವು ಸುಣ್ಣಕಲ್ಲನ್ನು ಕರಗಿಸುತ್ತಿದೆ. ಹೊರಬರುತ್ತಿರುವುದು ಅದೇ ಇಂಗಾಲದ ಡೈಆಕ್ಸೈಡ್. ಬಚ್ಚಲಿಗೆ ಆಸಿಡ್ ಸುರಿದು ತೊಳೆದರೆ ಕಲ್ಲು ಏಕೆ ಹಾಳಾಗುತ್ತದೆಂದು ಈಗ ತಿಳಿಯಿತಲ್ಲವೇ?

ಈ ಗುಳ್ಳೆಗಳನ್ನು ಮನೆಯ ಹಿರಿಯರಿಗೂ ತೋರಿಸಿ. ನೆಲ ಕೀಳುವ ಮಾತು ಬಂದಾಗ, “ಮೊದಲು ತಟ್ಟಿ ನೋಡೋಣ” ಎನ್ನಿ. ನೀವು ಕಲಿತ ವಿಜ್ಞಾನ ಮನೆಗೆ ಉಪಯೋಗಕ್ಕೆ ಬರುವುದು ಹೀಗೆಯೇ.