ಚಿಕ್ಕ ಉಪ್ಪುನೀರಿನ ಟ್ಯಾಂಕಿಗೆ ಯಾವ ಗೋಬಿ?

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಗೋಬಿ ಅಂದ ಕೂಡಲೇ ಇಲ್ಲಿರುವ ಅರ್ಧ ಜನರಿಗೆ ಗೋಬಿ ಮಂಚೂರಿ ನೆನಪಾಗಿರುತ್ತದೆ. ನಾನು ಹೇಳಹೊರಟಿರುವುದು ಗೋಬಿ ಎಂಬ ಮೀನಿನ ವಿಷಯ. ಕಾಫಿಪುಡಿ, ಕರಿಬೇವು ತರಲು ಲೇಕ್ ಮಾರ್ಕೆಟ್ಟಿಗೆ ಹೋದಾಗ 'ಬೇಲೆ ಮಾಛ್' ಅನ್ನುವುದನ್ನು ಕೇಳಿರುತ್ತೀರಿ. ಅದು ನಮ್ಮ ತೊಗರಿಬೇಳೆಯಲ್ಲ, ಸಿಹಿನೀರಿನ ಒಂದು ಗೋಬಿ. ಸುಂದರಬನದ ಕೆಸರಿನ ಮೇಲೆ ಕುಪ್ಪಳಿಸುವ ಮೀನುಗಳೂ ಇವುಗಳ ಹತ್ತಿರದ ನೆಂಟರೇ. ಗೋಬಿಗಳಲ್ಲಿ ಸಾವಿರಕ್ಕೂ ಹೆಚ್ಚು ಜಾತಿಗಳಿವೆ.

ಸದರ್ನ್ ಅವೆನ್ಯೂವಿನ ಮಕ್ಕಳಿಗೆ ರವೀಂದ್ರ ಸರೋವರ ಎದುರಿಗೇ ಇದೆ. ಮೀನು ನೋಡಿ ಬಂದವರು ಮನೆಯಲ್ಲೂ ಬೇಕು ಅನ್ನುತ್ತಾರೆ. ಈಚೆಗೆ ಉಪ್ಪುನೀರಿನ ಟ್ಯಾಂಕ್ ಇಡುವ ಆಸೆ ನಮ್ಮಲ್ಲಿ ಕೆಲವರಿಗೆ ಬಂದಿದೆ. ನನ್ನ ಮಾತು ಇಷ್ಟೇ: ಬಣ್ಣ ನೋಡಿ ಮೀನು ತರಬೇಡಿ. ಅದು ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ ಅಂತ ಕೇಳಿ ತನ್ನಿ.

ಮೊದಲು ಟ್ಯಾಂಕ್. ಎರಡಡಿ ಉದ್ದದ್ದು ಅಂದರೆ ಸುಮಾರು 60 ಲೀಟರ್. ಒಂದು ಲೀಟರ್ ಆರ್‌ಒ ನೀರಿಗೆ ಸುಮಾರು 35 ಗ್ರಾಂ ಸಮುದ್ರದ ಉಪ್ಪಿನ ಮಿಶ್ರಣ ಬೇಕು. ಅಡುಗೆ ಉಪ್ಪು ನಡೆಯುವುದಿಲ್ಲ. ಸಾರು ಕುದಿದು ಬತ್ತಿದರೆ ಉಪ್ಪಾಗುತ್ತದಲ್ಲ, ಟ್ಯಾಂಕೂ ಹಾಗೆಯೇ. ಆವಿಯಾಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಹಾಗಾಗಿ ಕಡಿಮೆಯಾದಷ್ಟಕ್ಕೆ ಬರೀ ಆರ್‌ಒ ನೀರು ಸುರಿಯಬೇಕು. ಮೀನು ತರುವ ಮುನ್ನ ನಾಲ್ಕಾರು ವಾರ ಟ್ಯಾಂಕ್ ಓಡಲಿ. ಅಮೋನಿಯಾವನ್ನು ಕರಗಿಸುವ ಬ್ಯಾಕ್ಟೀರಿಯಾ ಅಷ್ಟರಲ್ಲಿ ಬೆಳೆಯುತ್ತವೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದ ಮೇಲೆಯೇ ಮೀನು. ನೀರು 24ರಿಂದ 27 ಡಿಗ್ರಿ ಇರಬೇಕು. ಕೋಲ್ಕತ್ತಾದ ಮೇ ತಿಂಗಳಲ್ಲಿ ಇದು ಸುಲಭವಲ್ಲ. ನೀರಿನ ಮೇಲೆ ಫ್ಯಾನ್, ಇಲ್ಲವೇ ಚಿಲ್ಲರ್ ಬೇಕಾಗುತ್ತದೆ. ಈ ಖರ್ಚನ್ನು ಮೊದಲೇ ಲೆಕ್ಕ ಹಾಕಿ.

ಈಗ ಗೋಬಿಗಳು. ಮೊದಲು ಬೇಡದ್ದನ್ನು ಹೇಳುತ್ತೇನೆ. ಬಿಳಿಯ ಮೈಮೇಲೆ ಕಿತ್ತಳೆ ಚುಕ್ಕಿಯಿರುವ ಡೈಮಂಡ್ ಗೋಬಿ ಅಂಗಡಿಯಲ್ಲಿ ಚಂದ ಕಾಣುತ್ತದೆ. ಅದು ಬಾಯ್ತುಂಬ ಮರಳು ತುಂಬಿಕೊಂಡು ಜರಡಿ ಹಿಡಿದಂತೆ ಕಿವಿರಿನಿಂದ ಹೊರಬಿಡುತ್ತದೆ. ಮರಳಿನಲ್ಲಿರುವ ಸಣ್ಣ ಜೀವಿಗಳೇ ಅದರ ಊಟ. 60 ಲೀಟರಿನ ಮರಳಿನಲ್ಲಿ ಆ ಊಟ ಬೇಗ ಮುಗಿದುಹೋಗುತ್ತದೆ. ನಮ್ಮ ಕಟ್ಟಡದ ಒಂದು ಮನೆಗೆ ಇದನ್ನೇ ಕೊಟ್ಟಿದ್ದರು, 'ಮರಳು ಕ್ಲೀನ್ ಮಾಡುತ್ತೆ ದೀದಿ' ಅಂತ. ದಿನವೂ ಮರಳು ಅಗೆಯುತ್ತಿತ್ತು, ದಿನವೂ ಹೊಟ್ಟೆ ಒಳಕ್ಕೆ ಹೋಗುತ್ತಿತ್ತು. ಚುರುಕಾಗಿದೆ ಅಂತ ಮನೆಯವರೆಲ್ಲ ಸಂತೋಷಪಡುತ್ತಿದ್ದಾಗಲೇ ಅದು ಉಪವಾಸ ಬಿದ್ದು ಸತ್ತಿತು. ಆ ಮನೆಯ ಮಗು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. 'ಮ್ಯಾಂಡರಿನ್ ಗೋಬಿ' ಅಂತ ಮಾರುವ ಮೀನೂ ಬೇಡ. ಅದು ನಿಜಕ್ಕೂ ಗೋಬಿಯೇ ಅಲ್ಲ, ಅದಕ್ಕೂ ಇದೇ ಹಸಿವಿನ ಕಷ್ಟ.

ಚಿಕ್ಕ ಟ್ಯಾಂಕಿಗೆ ಹೊಂದುವುದು ನಿಯಾನ್ ಗೋಬಿ. ಎರಡಿಂಚಿನೊಳಗಿನ ಮೀನು, ಕಪ್ಪು ಮೈಮೇಲೆ ಹೊಳೆಯುವ ನೀಲಿ ಗೆರೆ. ಬೇರೆ ಮೀನುಗಳ ಮೈಮೇಲಿನ ಪರೋಪಜೀವಿಗಳನ್ನು ಹೆಕ್ಕಿ ತಿನ್ನುತ್ತದೆ, ನಾವು ಹಾಕುವ ಆಹಾರವನ್ನೂ ತಿನ್ನುತ್ತದೆ. ಸಾಕಣೆಯಲ್ಲೇ ಮರಿಮಾಡಿದ್ದು ಸಿಗುವ ಜಾತಿ ಇದು. ಎರಡನೆಯದು ಹಳದಿ ಕ್ಲೌನ್ ಗೋಬಿ, ಒಂದೂವರೆ ಇಂಚಿನ ಪುಟಾಣಿ. ಕಲ್ಲಿನ ಮೇಲೆ ಹಕ್ಕಿಯಂತೆ ಕೂತಿರುತ್ತದೆ. ಹೊಟ್ಟೆ ಚಿಕ್ಕದು, ಆದ್ದರಿಂದ ದಿನಕ್ಕೆರಡು ಸಲ ಸ್ವಲ್ಪ ಸ್ವಲ್ಪವೇ ಕೊಡಬೇಕು.

ಟ್ಯಾಂಕ್ 75 ಲೀಟರ್ ದಾಟಿದ್ದರೆ, ಎರಡಿಂಚು ಮರಳಿದ್ದರೆ, ಹಳದಿ ವಾಚ್‌ಮನ್ ಗೋಬಿ ತರಬಹುದು. ಇದರ ಜೊತೆಗಾರ ಪಿಸ್ತೂಲು ಸಿಗಡಿ. ಸಿಗಡಿಗೆ ಕಣ್ಣು ಮಂದ, ಬಿಲ ತೋಡುವುದರಲ್ಲಿ ಗಟ್ಟಿಗ. ಗೋಬಿಗೆ ಕಣ್ಣು ಚುರುಕು. ಸಿಗಡಿ ತನ್ನ ಮೀಸೆಯನ್ನು ಮೀನಿಗೆ ತಾಗಿಸಿಕೊಂಡೇ ಕೆಲಸ ಮಾಡುತ್ತದೆ. ಅಪಾಯ ಕಂಡರೆ ಮೀನು ಬಾಲ ಅದುರಿಸುತ್ತದೆ, ಇಬ್ಬರೂ ಒಳಗೆ. ಗಂಟೆಗಟ್ಟಲೆ ನೋಡುತ್ತ ಕೂರಬಹುದು. ಕಲ್ಲುಗಳನ್ನು ಮಾತ್ರ ಮರಳಿನ ಮೇಲಲ್ಲ, ಗಾಜಿನ ತಳದ ಮೇಲೆಯೇ ಭದ್ರವಾಗಿ ಕೂರಿಸಿ. ಇಲ್ಲದಿದ್ದರೆ ಸಿಗಡಿ ಅಡಿಪಾಯ ತೋಡಿ ಕಲ್ಲು ಉರುಳಿಸುತ್ತದೆ.

ಅಂಗಡಿಯಲ್ಲಿ ಮೂರು ಕೆಲಸ ಮಾಡಿ. ಮೀನು ತಿನ್ನುವುದನ್ನು ಎದುರಿಗೇ ತೋರಿಸಲು ಹೇಳಿ. ಹೊಟ್ಟೆ ಒಳಕ್ಕೆ ಹೋಗಿದೆಯೇ, ಏದುಸಿರು ಬಿಡುತ್ತಿದೆಯೇ ನೋಡಿ. ಸಾಕಣೆಯದೋ ಸಮುದ್ರದಿಂದ ಹಿಡಿದದ್ದೋ ಕೇಳಿ. ಮನೆಗೆ ತಂದ ಮೇಲೆ ಟ್ಯಾಂಕಿಗೆ ಜಾಲರಿಯ ಮುಚ್ಚಳ ಹಾಕಿ, ಗೋಬಿಗಳು ಹಾರುತ್ತವೆ.

ಇನ್ನೊಂದು ಮುಖ್ಯ ವಿಷಯ ಹವಳ. ಗಟ್ಟಿ ಹವಳಗಳು, ಕಡಲಕುದುರೆಗಳು ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಯಾರಾದರೂ ಗುಟ್ಟಾಗಿ ಮಾರಲು ಬಂದರೆ ಬೇಡವೆನ್ನಿ. ಸೆರಾಮಿಕ್ ಕಲ್ಲು ಸಾಕು, ಕ್ಲೌನ್ ಗೋಬಿ ಅದರ ಮೇಲೂ ಕೂರುತ್ತದೆ.

ಕೊನೆಗೆ ನಮ್ಮ ಮನೆಗಳದ್ದೇ ಒಂದು ಪ್ರಶ್ನೆ. ಪೂಜೆಯ ರಜೆಗೆ ಊರಿಗೆ ಹೋದರೆ ಹತ್ತು ದಿನ ಊಟ ಹಾಕುವವರು ಯಾರು? ಆವಿಯಾದ ನೀರು ತುಂಬುವವರು ಯಾರು? ಮಕ್ಕಳು ಕೇಳಿದ ಟ್ಯಾಂಕಿನ ಕೆಲಸ ಕೊನೆಗೆ ಅಮ್ಮನ ಪಾಲಿಗೆ ಬರುವುದು ನಿಮಗೆ ಗೊತ್ತೇ ಇದೆ. ತರುವ ಮೊದಲೇ ಮನೆಯವರೆಲ್ಲ ಕೂತು ಕೆಲಸ ಹಂಚಿಕೊಳ್ಳಿ. ಉತ್ತರ ಸಿಕ್ಕರೆ ಒಂದು ನಿಯಾನ್ ಗೋಬಿಯಿಂದ ಶುರುಮಾಡಿ. ಸಿಗದಿದ್ದರೆ ಸಂಜೆ ಮಕ್ಕಳ ಕೈಹಿಡಿದು ಸರೋವರದ ದಡಕ್ಕೆ ಹೋಗಿ ಬನ್ನಿ. ಮೀನು ಅಲ್ಲೂ ಇವೆ, ಹೊಟ್ಟೆ ತುಂಬಿಕೊಂಡೇ ಇವೆ.